ಎಪ್ಪತ್ನಾಲ್ಕೂವರೆಯ ಪೇಡಾ

ಆರು ವರ್ಷದಿಂದ ಐದನೇ ತರಗತಿ ನನ್ನದು. ಗಜೇಂದ್ರಗಡದ ನಮ್ಮ ಖಾಸಗಿ ಶಾಲೆಯವರು ಶಿಕ್ಷಕರಿಗೂ ಓದು-ಬರಹ ಮತ್ತು ಲೆಕ್ಕದ ಪರೀಕ್ಷೆ ಇಟ್ಟು, ಪಾಸಾಗದವರನ್ನು ಎಲ್‌ಕೆಜಿಗೆ ಹಾಕುತ್ತೇವೆ ಎಂದಾಗ ನಾನು ನಕ್ಕುಬಿಟ್ಟೆ. ಈ ಹುಸ್ನಾ ಟೀಚರನ್ನು ಎಲ್‌ಕೆಜಿಗೆ ಕಳಿಸುವ ಪರೀಕ್ಷೆ ಇನ್ನೂ ಹುಟ್ಟಿಲ್ಲ.

ಶನಿವಾರ ಫಲಿತಾಂಶದ ಹಾಳೆ ಬಂತು. ಓದು-ಬರಹ ತೊಂಬತ್ತೊಂದು, ಲೆಕ್ಕ ಐವತ್ತೆಂಟು. ಪಾಸಿಗೆ ಅರವತ್ತು ಬೇಕು. ಎರಡನ್ನೂ ಕೂಡಿಸಿ ಅರ್ಧ ಮಾಡಿದೆ, ಎಪ್ಪತ್ನಾಲ್ಕೂವರೆ! ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಅಂಕ ಓದಿ ಹೇಳಿ, ಪೇಡಾ ತಂದು ಹಂಚಿದೆ. ಎಲ್ಲರೂ ಬಾಯಿಗೆ ಹಾಕಿಕೊಂಡರು. ಲೆಕ್ಕದ ಅಂದಾನೆಪ್ಪ ಮಾಸ್ತರರು ಮಾತ್ರ ಕಿಸೆಯಿಂದ ಒಂದು ಕಾಗದ ತೆಗೆದು, ಪೇಡಾ ಅದರಲ್ಲಿ ಸುತ್ತಿ ಇಟ್ಟುಕೊಂಡರು.

"ಯಾಕ್ರೀ ಸರ, ಶುಗರ್ ಐತೇನ್ರಿ?"

"ಇಲ್ಲವ್ವಾ, ಆಮ್ಯಾಲೆ ತಿಂತೀನಿ."

ಮಹಾ ಕಂಜೂಸ್ ಮನುಷ್ಯ, ಮನೆಗೆ ಒಯ್ಯುತ್ತಾರೆ ಅಂದುಕೊಂಡೆ.

ಸಂಜೆ ನಮ್ಮೂರು ಸೂಡಿಗೆ ಬಂದು ಅಮ್ಮಿಯ ಕೈಗೆ ಹಾಳೆ ಕೊಟ್ಟೆ. ಅವಳು ಬೆರಳಿಟ್ಟು ನಿಧಾನ ಓದುವವಳು, ಕೊನೆಯ ಸಣ್ಣಕ್ಷರದ ಸಾಲನ್ನೂ ಬಿಡಲಿಲ್ಲ. 'ಎರಡೂ ಭಾಗಗಳಲ್ಲಿ ಪ್ರತ್ಯೇಕವಾಗಿ ಅರವತ್ತು ಪಡೆದವರು ಮಾತ್ರ ಉತ್ತೀರ್ಣರು. ಉಳಿದವರಿಗೆ ಮುಂದಿನ ತಿಂಗಳು ಇನ್ನೊಂದು ಅವಕಾಶ.'

"ಪ್ರತ್ಯೇಕ ಅಂದ್ರ ಏನ?" ಅಮ್ಮಿ ಕೇಳಿದಳು.

"ಬ್ಯಾರೆ ಬ್ಯಾರೆ," ಎಂದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಓದಿನಲ್ಲಿ ತೊಂಬತ್ತೊಂದು ತೆಗೆದುಕೊಂಡವಳು ಆ ಸಾಲು ಓದಿರಲಿಲ್ಲ.

ಆದರೆ ಅಡಗಿ ಕೂರುವ ಜಾಯಮಾನ ನನ್ನದಲ್ಲ. ಸೋಮವಾರ ಬೆಳಿಗ್ಗೆ ನನ್ನ ಹಾಳೆಯನ್ನು ಸ್ಟಾಫ್ ರೂಮಿನ ಬೋರ್ಡಿಗೆ ಸಿಕ್ಕಿಸಿ, "ನಾ ಫೇಲ ಆಗೇನಿ. ಆದ್ರ ಐದನೇ ಕ್ಲಾಸ ಬಿಟ್ಟಕೊಡಾಕಿ ಅಲ್ಲ. ಮುಂದಿನ ತಿಂಗಳ ಪಾಸಾಗಿ ತೋರಸ್ತೀನಿ," ಎಂದೆ. ಕೆಲವರು ನಕ್ಕರು. ಗಂಟೆ ಹೊಡೆದಾಗ ಎಲ್ಲರೂ ಹೋದರು, ಅಂದಾನೆಪ್ಪ ಮಾಸ್ತರರು ಉಳಿದರು. ನನಗೆ ಸಿಟ್ಟು ನೆತ್ತಿಗೇರಿತು.

"ನಿಮಗ ಶನಿವಾರನ ಗೊತ್ತಿತ್ತು. ಅದಕ್ಕ ಪೇಡಾ ತಿನ್ನಲಿಲ್ಲ. ಯಾಕ ಹೇಳಲಿಲ್ರಿ?"

ಅವರು ಕಿಸೆಯಿಂದ ಆ ಪೊಟ್ಟಣ ತೆಗೆದು ಬಿಚ್ಚಿದರು. ಪೇಡಾ ಹಾಗೇ ಇತ್ತು. ಸುತ್ತಿದ್ದ ಕಾಗದ ಅವರದೇ ಫಲಿತಾಂಶದ ಹಾಳೆ. ಲೆಕ್ಕ ತೊಂಬತ್ತಾರು, ಓದು-ಬರಹ ಐವತ್ತೆರಡು.

"ನಿನಗ ಹೇಳಿದ್ರ ನಂದೂ ಹೇಳಬೇಕಾಗ್ತಿತ್ತು ತಂಗಿ. ಇಪ್ಪತ್ತೆಂಟ ವರ್ಷ ಮಾಸ್ತರಕಿ ಮಾಡೇನಿ. ಧೈರ್ಯ ಆಗಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಪಾಪ ಅನ್ನಿಸಿತು. ಕುರ್ಚಿ ಎಳೆದು ಅವರೆದುರು ಕೂತೆ.

"ದಿನಾ ಸಂಜಿಗೆ ಒಂದ ತಾಸ ನೀವು ನನಗ ಲೆಕ್ಕ ಹೇಳ್ರಿ, ಒಂದ ತಾಸ ನಾ ನಿಮಗ ಓದಸ್ತೀನಿ. ಮೊದಲನೇ ಪಾಠ ನಮ್ಮ ಅಮ್ಮೀದು, ಹಾಳಿ ಕಡೀತನಕ ಓದಬೇಕು."

ಮಾಸ್ತರರು ನಕ್ಕರು. ಪೇಡಾ ಮುರಿದು ಅರ್ಧ ನನಗೆ ಕೊಟ್ಟು, ಅರ್ಧ ಬಾಯಿಗೆ ಹಾಕಿಕೊಂಡರು. ಆಮೇಲೆ ಎದ್ದು ಹೋಗಿ, ಜಿಡ್ಡು ಹತ್ತಿದ ತಮ್ಮ ಹಾಳೆಯನ್ನು ಬೋರ್ಡಿನ ಮೇಲೆ ನನ್ನ ಹಾಳೆಯ ಪಕ್ಕ ಸಿಕ್ಕಿಸಿದರು.