ಅವರ ಸಲುವಾಗಿ

ನಮ್ಮ ಮನೆಯವರಿಗೆ ಮೂರು ಕಾಯಿಲೆ, ಮೂರಕ್ಕೂ ಬೇರೆ ಬೇರೆ ಊರು. ಸಕ್ಕರೆ ಕಾಯಿಲೆಗೆ ರಾಯಚೂರಿನ ಡಾಕ್ಟರು, ಉಬ್ಬಸಕ್ಕೆ ದೇವದುರ್ಗದವರು, ಬಿಪಿಗೆ ಇಲ್ಲೇ ಮಾನ್ವಿಯವರು. ಒಬ್ಬ ಡಾಕ್ಟರ ಗುಳಿಗೆಯ ಸುದ್ದಿಯನ್ನು ಇನ್ನೊಬ್ಬರ ಮುಂದೆ ಎತ್ತುವುದು ಮರ್ಯಾದೆಯಲ್ಲ ಎಂಬುದು ಇವರ ನಂಬಿಕೆ. ಮೂವತ್ತು ವರ್ಷ ಹುಡುಗರಿಗೆ ಗಣಿತ ಕಲಿಸಿದ ಗೋಪಾಲಕೃಷ್ಣ ಮಾಸ್ತರರು ಇವರೇ. ಮೂರೂ ಗುಳಿಗೆ ಒಂದೇ ಹೊಟ್ಟೆ ಸೇರಿದರೆ ಏನಾಗುತ್ತದೆ ಎಂದು ಮಾತ್ರ ಒಂದು ದಿನವೂ ಕೂಡಿಸಿ ನೋಡಲಿಲ್ಲ.

ಇವರ ಜೋಡಿ ಪಕ್ಕದ ಮನೆಯ ಖಾಜಾಮಿಯಾ, ಬಟ್ಟೆ ಅಂಗಡಿಯವರು. ಅವರಿಗೂ ಸಕ್ಕರೆ ಕಾಯಿಲೆ, ಜೊತೆಗೆ ಮೊಣಕಾಲು ನೋವು. ತಿಂಗಳಿಗೊಮ್ಮೆ ಇಬ್ಬರೂ ಒಂದೇ ಬಸ್ಸಿನಲ್ಲಿ ರಾಯಚೂರಿಗೆ ಹೋಗಿ, ಒಂದೇ ಡಾಕ್ಟರ ಹತ್ತಿರ ಬೈಸಿಕೊಂಡು, ಮಿರ್ಚಿಭಜಿ ತಿಂದು ಬರುತ್ತಿದ್ದರು. ತಿಂದದ್ದನ್ನು ಇವರು ಹೇಳುತ್ತಿರಲಿಲ್ಲ, ಅಂಗಿಯ ಎಣ್ಣೆ ಹೇಳುತ್ತಿತ್ತು. ನನಗೆ ಇರುವುದು ಬರೀ ಬಿಪಿ. ಅದೂ ಇವರಿಬ್ಬರಿಂದ ಬಂದದ್ದು.

೧೯೮೩ರಲ್ಲಿ ರಂಜಾನ್ ತಿಂಗಳಲ್ಲೇ ನಿರ್ಜಲ ಏಕಾದಶಿ ಬಂತು. ಹಿಂದಿನ ದಿನ ಕಟ್ಟೆಯ ಮೇಲೆ ಇಬ್ಬರ ವಾದ. ಕಾಯಿಲೆಯವರಿಗೆ ರೋಜಾ ಉಪವಾಸದಲ್ಲಿ ರಿಯಾಯಿತಿ ಇದೆ ಎಂದು ಇವರು ಖಾಜಾಮಿಯಾಗೆ ತಿಳಿಸಿ ಹೇಳಿದರು. ಕಾಯಿಲೆಯವರು ಏಕಾದಶಿಯಲ್ಲಿ ಹಾಲು ಹಣ್ಣು ತೆಗೆದುಕೊಳ್ಳಬಹುದು ಎಂದು ಅವರು ಇವರಿಗೆ ತಿಳಿಸಿ ಹೇಳಿದರು. ಒಬ್ಬರ ಶಾಸ್ತ್ರ ಇನ್ನೊಬ್ಬರಿಗೆ ಬಾಯಿಪಾಠ. ತಮ್ಮದರಲ್ಲಿ ಮಾತ್ರ ಇಬ್ಬರಿಗೂ ರಿಯಾಯಿತಿ ಕಾಣಲಿಲ್ಲ.

ಇವರು ಬರೀ ಉಪವಾಸ ಮಾಡಿದ್ದರೂ ನಾನು ಇಷ್ಟು ಹೆದರುತ್ತಿರಲಿಲ್ಲ. ಆದರೆ ಗುಳಿಗೆ ಒಂದು ದಿನವೂ ತಪ್ಪಿಸುವುದಿಲ್ಲ ಎಂದು ರಾಯಚೂರಿನ ಡಾಕ್ಟರಿಗೆ ಮಾತು ಕೊಟ್ಟು ಬಂದಿದ್ದರು. ಉಪವಾಸದ ಸುದ್ದಿಯನ್ನು ಮಾತ್ರ ಅವರಿಗೆ ಹೇಳಿರಲಿಲ್ಲ. ಔಷಧ ಆಹಾರವಲ್ಲ ಎಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ತೀರ್ಥದ ಜೊತೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿಯೇಬಿಟ್ಟರು. ಅತ್ತ ಖಾಜಾಮಿಯಾ ನಸುಕಿನ ಸಹರಿ ಊಟಕ್ಕೆ ಏಳಲು ತಡವಾಗಿ, ಅಜಾನ್ ಆಗುವ ಮೊದಲು ಬರೀ ಗುಳಿಗೆ ನುಂಗಿದ್ದರು.

ಮಧ್ಯಾಹ್ನದ ಹೊತ್ತಿಗೆ ಇವರ ಹಣೆಯಿಂದ ಬೆವರು ಇಳಿಯತೊಡಗಿತು. ಕೈ ನಡುಗುತ್ತಿತ್ತು. ನನ್ನನ್ನು ನೋಡಿ, ಎದ್ದು ನಿಂತು ಹದಿನೇಳರ ಮಗ್ಗಿ ಹೇಳು ಎಂದರು. ನನಗೆ ನಗು ಬರಲಿಲ್ಲ. ಸಕ್ಕರೆ ಇಳಿದರೆ ಹೀಗೇ ಬೆವರುತ್ತಾರೆ, ಏನೇನೋ ಮಾತಾಡುತ್ತಾರೆ, ಹಾಗೇ ಹೋಗಿಯೂಬಿಡಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು. ಸಕ್ಕರೆ ನೀರು ಕಲಸಿ ತಂದೆ. ಏಕಾದಶಿ ಎಂದು ಹಲ್ಲು ಕಚ್ಚಿ ಮುಖ ತಿರುಗಿಸಿದರು.

ಖಾಜಾಮಿಯಾ ಹೇಳಿದರೆ ಕೇಳಿಯಾರು ಎಂದು ಹೊರಗೆ ಓಡಿದರೆ, ಅವರೇ ನಮ್ಮ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದಾರೆ, ಅಂಗಿ ಪೂರಾ ಒದ್ದೆ. ಅವರ ಹೆಂಡತಿ ಗುಲ್ಶನ್ ಬೇಗಂ ಶರಬತ್ತಿನ ಬಟ್ಟಲು ಹಿಡಿದು ಗೋಗರೆಯುತ್ತಿದ್ದಾಳೆ. ಹೊತ್ತು ಮುಳುಗುವವರೆಗೆ ತಡೆಯುತ್ತೇನೆ ಎಂಬುದೊಂದೇ ಅವರ ಮಾತು.

ಏಕಾದಶಿಯ ದಿನ ನಾನು ಎಂದೂ ಸುಳ್ಳು ಹೇಳಿದವಳಲ್ಲ. ಅವತ್ತು ಎರಡು ಹೇಳಿದೆ.

"ಮಾಸ್ತರ್ರಿಗೆ ಎಚ್ಚರ ತಪ್ಪಾಕತ್ತದ. ನೀವು ಕುಡದ್ರ ಮಾತ್ರ ತಾವೂ ಕುಡೀತಾರಂತ" ಎಂದೆ ಖಾಜಾಮಿಯಾಗೆ.

ಅವರು ಹೆಂಡತಿಯ ಕೈಯಿಂದ ಬಟ್ಟಲು ಇಸಿದುಕೊಂಡರು. "ಅವರ ಜೀವಕ್ಕಿಂತ ನನ್ನ ರೋಜಾ ದೊಡ್ಡದೇನ್ರೀ ಭಾಬಿ" ಎಂದು ಗಟಗಟ ಕುಡಿದರು.

ಒಳಗೆ ಬಂದು ಇವರ ಕಿವಿಯ ಹತ್ತಿರ ಬಾಗಿದೆ. "ಖಾಜಾಮಿಯಾ ಕಟ್ಟಿ ಮ್ಯಾಲೆ ಬಿದ್ದಾರ್ರಿ. ನೀವು ಕುಡಿಯೋತನಕ ಹನಿ ಮುಟ್ಟಂಗಿಲ್ಲ ಅಂತಾರ."

ಕಚ್ಚಿದ ಹಲ್ಲು ಸಡಿಲವಾಯಿತು. "ಆ ಮೊಂಡ ಹಂಗs ಸಾಯ್ತಾನ. ಕೊಡು, ಅವನ ಸಲುವಾಗಿ."

ಅರ್ಧ ಗಂಟೆಯಲ್ಲಿ ಇಬ್ಬರೂ ಚೇತರಿಸಿಕೊಂಡು, ನಿನ್ನ ಜೀವ ಉಳಿಸಿದವನು ನಾನು ಎಂದು ಜಗಳಕ್ಕೆ ನಿಂತರು. ಮಾನ್ವಿಯ ಡಾಕ್ಟರು ಬಂದು ಇಬ್ಬರಿಗೂ ಸರಿಯಾಗಿ ಬೈದು, ಹೊಟ್ಟೆಗೆ ಹಾಕದೆ ಬಿಡಬೇಡಿ ಎಂದು ನಮಗೆ ಹೇಳಿ ಹೋದರು. ಇವರಿಗೆ ಹಾಲು, ಬಾಳೆಹಣ್ಣು ಕೊಟ್ಟು ಮಲಗಿಸಿದೆ.

ಆಮೇಲೆ ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದವಳು ಅಲ್ಲೇ ಕುಸಿದು ಕೂತೆ. ಕಣ್ಣು ಕತ್ತಲೆ ಬರುತ್ತಿತ್ತು. ನಾನೂ ಏಕಾದಶಿ ಹಿಡಿದವಳೇ. ನೀರು ಮುಟ್ಟುವಂತಿಲ್ಲ ಎಂದು ಬಿಪಿಯ ಗುಳಿಗೆ ಬೆಳಿಗ್ಗೆಯಿಂದ ಸೆರಗಿನ ಗಂಟಿನಲ್ಲೇ ಇತ್ತು. ಖಾಲಿ ಬಟ್ಟಲು ತೊಳೆಯಲು ನಮ್ಮ ಹಿತ್ತಲಿಗೆ ಹೊರಟ ಗುಲ್ಶನ್ ನನ್ನ ಮುಖ ನೋಡಿದಳು, ಗಂಟನ್ನೂ ನೋಡಿದಳು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ನಮ್ಮ ಮಡಿ ಅಡುಗೆಮನೆಯೊಳಗೆ ಕಾಲಿಡದವಳು ನನ್ನನ್ನು ದಾಟಿ ಒಳಗೆ ಹೋಗಿ, ಕೊಡದಿಂದ ತಂಬಿಗೆ ತುಂಬಿ ತಂದಳು.

"ಮಾಸ್ತರ್ರು ಹೇಳ್ಯಾರ್ರಿ ಅಕ್ಕಾ" ಎಂದಳು. "ನೀವು ಗುಳಿಗಿ ನುಂಗಲಿಲ್ಲಂದ್ರ ಅವರು ನಾಳಿನೂ ಉಣ್ಣಂಗಿಲ್ಲಂತ."

ನಡುಮನೆಯಿಂದ ಮಾಸ್ತರರ ಗೊರಕೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಸೆರಗಿನ ಗಂಟು ಬಿಚ್ಚಿದೆ.

"ಕೊಡವ್ವಾ" ಎಂದೆ. "ಅವರ ಸಲುವಾಗಿ."