ಬೋರಲು ತಟ್ಟೆ

ಅಯ್ಯೋ, ಉಸಿರು ಅರ್ಧಕ್ಕೇ ಮುರಿಯಿತು, ಶಂಖವನ್ನು ಹೀಗಾ ಊದುವುದು, ನನ್ನ ಬದಲು ರಸ್ತೆ ಕಾಯಲು ನಿಂತ ಸೆಫೊನ ಕೆನ್ನೆಯಲ್ಲಿ ಗಾಳಿಯೇ ಇಲ್ಲ, ಆಡು ಕೆಮ್ಮಿದ ಹಾಗಾಯಿತು, ನಾನು ಊದಿದ್ದರೆ ಹವಳದ ದಂಡೆಯಾಚೆಗಿನ ದೋಣಿಯವರೂ ಹುಟ್ಟು ಕೆಳಗಿಟ್ಟು ತಲೆ ಬಾಗಿಸುತ್ತಿದ್ದರು — ಆದರೆ ಇವತ್ತು ನಾನು ರಸ್ತೆಯಲ್ಲಿಲ್ಲ, ಮನೆಯಲ್ಲಿದ್ದೇನೆ, ಚಾಪೆಯ ಮೇಲೆ, ನನ್ನ ಹೆಂಡತಿ ಫಿಲೆಮು ಒರಗಿ ಕೂರುತ್ತಿದ್ದ ಕಂಬಕ್ಕೆ ಬೆನ್ನು ಕೊಟ್ಟು, ಅಂಗಳದಲ್ಲಿ ಅವಳ ಸಮಾಧಿಯ ಸಿಮೆಂಟು ಇನ್ನೂ ಸರಿಯಾಗಿ ಒಣಗಿಲ್ಲ, ನಾಯಿ ಅದರ ಮೇಲೆ ಮಲಗಿದೆ, ಓಡಿಸಬೇಕು, ಬೇಡ, ಇರಲಿ, ಅವಳೇ ಸಾಕಿದ ನಾಯಿ. ಅಪ್ಪಾ, ಎರಡನೇ ಶಂಖ ಆಯ್ತು, ಪ್ರಾರ್ಥನೆ ಶುರು ಮಾಡು, ಅನ್ನುತ್ತಾನೆ ದೊಡ್ಡವನು ಫೆಟು, ದನಿ ಈಗೀಗ ಒಡೆಯುತ್ತಿದೆ, ಪುಟ್ಟ ಪೆನಿನಾ ಆಗಲೇ ಕಣ್ಣು ಮುಚ್ಚಿ ಕೂತಿದ್ದಾಳೆ. ಎಲ್ಲಿಂದ ಶುರು ಮಾಡಲಿ, ಮೊದಲ ಶಂಖಕ್ಕೆ ಮನೆ ಸೇರಿ, ಎರಡನೆಯದಕ್ಕೆ ಪ್ರಾರ್ಥನೆ, ಮೂರನೆಯದಕ್ಕೆ ಮುಗಿಯಿತು ಎಂದು ಇಡೀ ಊರಿಗೆ ಸಾರಿದವನು ನಾನು, ಆ ನಡುವೆ ನನ್ನದೇ ಮನೆಯಲ್ಲಿ ಏನು ಹೇಳುತ್ತಾರೆಂದು ನನಗೇ ಗೊತ್ತಿಲ್ಲ, ಹಗಲೆಲ್ಲ ಅಪಿಯಾ ಪೇಟೆಗೆ ಬಸ್ಸು ಓಡಿಸುವುದು, ಸಂಜೆ ಓಡಿಬಂದು ಪಂಚೆ ಸುತ್ತಿ ಶಂಖ ಊದಿ ರಸ್ತೆಗೆ ನಿಲ್ಲುವುದು, ಇದು ದೇವ್ರ ಹೊತ್ತು, ಗಾಡಿ ನಿಲ್ಸಯ್ಯಾ, ಎಂದು ಬೇರೆ ಡ್ರೈವರುಗಳ ಮೇಲೆ ರೇಗುವುದು, ಆಮೇಲೆ ಚರ್ಚಿನ ಛಾವಣಿ ರಿಪೇರಿಯ ಸಭೆ, ಹಾಡುವವರ ಸಭೆ, ಮುಂದಿನ ಸಭೆ ಯಾವಾಗೆಂದು ತೀರ್ಮಾನಿಸಲು ಇನ್ನೊಂದು ಸಭೆ. ಊರಿಗೆ ಉಪಕಾರಿ, ಹೆಂಡ್ತಿಗೆ ಮಾರಿ, ಅನ್ನುತ್ತಿದ್ದಳು ಫಿಲೆಮು, ನಗುತ್ತಲೇ, ಅಲ್ಲ ಇಯೊಪು, ಒಂದಿನ ಸೆಫೊ ನಿಂತ್ಕೊಳ್ಳಲಿ, ನೀನು ನಮ್ ಜೊತೆ ಕೂತ್ಕೋ, ದೇವರಿಗೆ ನಿನ್ ಬೆನ್ನಷ್ಟೇ ಕಾಣೋದು, ಮುಖ ಮರ್ತೇ ಹೋಗಿರತ್ತೆ, ನಾನು, ನಾಳೆ ಕೂರ್ತೀನಿ ಬಿಡೇ, ಎಂದು ಊಟಕ್ಕೆ ಕೈ ಹಾಕುತ್ತಿದ್ದೆ, ಮೇಲೆ ಬೋರಲು ಹಾಕಿದ ತಟ್ಟೆ, ಎತ್ತಿದರೆ ಒಳಗೆಲ್ಲ ಆವಿಯ ಹನಿ, ಕೆಳಗೆ ಕೆಸುವಿನ ಗಡ್ಡೆ, ತೆಂಗಿನಹಾಲಿನಲ್ಲಿ ಬೆಂದ ಕೆಸುವಿನೆಲೆ, ಎಷ್ಟು ತಡವಾದರೂ ಬೆಚ್ಚಗೆ, ಹೇಗೆ ಬೆಚ್ಚಗಿರುತ್ತಿತ್ತೋ, ಕೇಳಲೇ ಇಲ್ಲ, ತಿಂದೆ, ಮಲಗಿದೆ. ಅವಳು ಎದೆ ಹಿಡಿದುಕೊಂಡು ಇದೇ ಚಾಪೆಯ ಮೇಲೆ ಒರಗಿದಳಂತೆ, ಇದೇ ಹೊತ್ತಿನಲ್ಲಿ, ಯಾರಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು, ಇರಬಹುದು, ಆದರೆ ನಾನು ಮನೆಗೆ ಬೆನ್ನು ಮಾಡಿ ನಿಂತಿದ್ದೆ, ಯಾವನೋ ಟ್ಯಾಕ್ಸಿಯವನ ಮೇಲೆ ರೇಗುತ್ತಿದ್ದೆ.

ಅಪ್ಪಾ, ಹೇಳು, ಫೆಟು ಮತ್ತೆ ಅನ್ನುತ್ತಾನೆ, ಹೇಳುತ್ತೇನೆ ತಡಿ, ದೇವರೇ — ದೇವರೇ, ಮುಂದೇನು, ನಾಲಿಗೆಗೆ ಬರುವುದೆಲ್ಲ ಗಾಡಿ ನಿಲ್ಸಯ್ಯಾ ಅನ್ನುವುದೊಂದೇ, ಅಷ್ಟರಲ್ಲಿ ಪೆನಿನಾ ಶುರು ಮಾಡಿಯೇಬಿಟ್ಟಳು, ಅವಳ ಅಮ್ಮನದೇ ರಾಗ, ದೇವ್ರೇ, ಇವತ್ತಿನ ಊಟಕ್ಕೆ ಸ್ತೋತ್ರ, ನಾಯಿ ಕೋಳಿಮರಿ ಹಿಡೀದೆ ಇರ್ಲಿ, ಅಣ್ಣಂಗೆ ಲೆಕ್ಕ ತಲೆಗೆ ಹತ್ಲಿ, ರಸ್ತೇಲಿ ನಿಂತಿರೋ ನಮ್ಮಪ್ಪಂಗೆ ಗಾಡಿ ತಾಗದೆ ಇರ್ಲಿ, ಕಾಲು ನೋಯದೆ ಇರ್ಲಿ, ಬೇಗ ಮನೆಗೆ ಕಳ್ಸು, ಅಲ್ಲೀವರ್ಗೂ ಅವನ ಊಟ ಬೆಚ್ಚಗಿಡು. ಫೆಟು ತಂಗಿಯನ್ನು ಮೊಣಕೈಯಲ್ಲಿ ತಿವಿದ, ಅಪ್ಪ ಇಲ್ಲೇ ಕೂತಿದಾನಲ್ಲೇ ಪೆದ್ದಿ, ಅವಳು ಕಣ್ಣು ತೆರೆಯದೆಯೇ, ಸುಮ್ನಿರೋ, ಅಮ್ಮ ದಿನಾ ಹಿಂಗೇ ಹೇಳ್ತಿದ್ಲು, ಹಿಂಗೇ ಹೇಳ್ಬೇಕು. ದಿನಾ — ಮಳೆಯಲ್ಲೂ, ನನ್ನ ಮೇಲೆ ಸಿಟ್ಟಾಗಿ ಮಾತು ಬಿಟ್ಟ ದಿನಗಳಲ್ಲೂ, ಆ ಸಂಜೆಯೂ, ಒರಗುವ ಮೊದಲು ಪ್ರಾರ್ಥನೆಯಲ್ಲಿ ನನ್ನ ಕಾಲಿನವರೆಗೆ ಬಂದಿದ್ದಳೋ, ಊಟದವರೆಗೆ ಬಂದಿದ್ದಳೋ, ಮಕ್ಕಳನ್ನು ಹೇಗೆ ಕೇಳಲಿ, ಅಪ್ಪಾ, ಆಮೆನ್ ಅನ್ನು, ಅನ್ನುತ್ತಾರೆ ಇಬ್ಬರೂ, ಅನ್ನಬೇಕು, ಅನ್ನಲಾರೆ, ಅಂದುಬಿಟ್ಟರೆ ಅವಳ ಮಾತು ಮುಗಿದುಹೋಗುತ್ತದೆ, ಸೆಫೊ ಮೂರನೆಯ ಶಂಖ ಊದುತ್ತಿದ್ದಾನೆ, ಊದಬೇಡವೋ, ತಡಿ, ಒಲೆಯ ಪಕ್ಕದಲ್ಲಿ ಮೂರು ಊಟ ಬಡಿಸಿಟ್ಟಿದೆ, ಮಕ್ಕಳವು ತೆರೆದೇ ಇವೆ, ನನ್ನದೊಂದನ್ನು ಮಾತ್ರ ಮುಚ್ಚಿದ್ದಾಳೆ ಪೆನಿನಾ, ಅಮ್ಮ ಮುಚ್ಚುತ್ತಿದ್ದ ಹಾಗೆ, ತಟ್ಟೆಯ ಮೇಲೆ ತಟ್ಟೆ, ಬೋರಲು, ಒಳಗೆ ಹನಿ ಕೂತಿರುತ್ತದೆ, ಎತ್ತಿದರೆ ಬೀಳುತ್ತದೆ — ಎತ್ತಲಾರೆ — ಬೋರಲು ತಟ್ಟೆ — ಬೆಚ್ಚಗೆ — ಬೋರಲು —