ಕಪ್ಪು ಉಜ್ಜಿದ ಮೇಷ್ಟ್ರು

ಹುಡುಗಿಯ ಡಾಕ್ಟರೇಟು ಆ ದಿನ ಒಂದು ಗಾಜಿನ ಕೊಳವೆಯ ಮೇಲೆ ನಿಂತಿತ್ತು. ಎರಡು ಕಾಲಿನ ಕೊಳವೆ, ನಡುವೆ ಅಡ್ಡ ಸೇತುವೆ, ಒಳಗೆ ನೀಲಿ ಬಣ್ಣದ ನೀರು. ಒಂದು ಕಾಲಿಗೆ ಬೆಳಕು ಬೀಳಬೇಕು, ಇನ್ನೊಂದು ಕತ್ತಲಲ್ಲಿರಬೇಕು. ಆಗ ಬಣ್ಣ ಬೆಳಕು ಕುಡಿದು ಕರೆಂಟು ಕೊಡುತ್ತದೆ. ದೀಪ ಆರಿಸಿದ ಮೇಲೂ ಕೂಡಿಟ್ಟದ್ದನ್ನು ಸ್ವಲ್ಪ ಹೊತ್ತು ಕೊಡುತ್ತಲೇ ಇರುತ್ತದೆ. ಅದಕ್ಕೇ ಅವಳು ಒಂದು ಕಾಲಿಗೆ ಕಪ್ಪು ಪೇಂಟು ಬಳಿದಿದ್ದಳು.

ಅವಳ ಗೈಡನ್ನು ಬೆನ್ನ ಹಿಂದೆ ಎಲ್ಲರೂ ಸೂರ್ಯ ಮೇಷ್ಟ್ರು ಎನ್ನುತ್ತಿದ್ದರು. ವಿಭಾಗವೆಲ್ಲ ತಮ್ಮ ಸುತ್ತಲೇ ತಿರುಗುತ್ತದೆಂಬ ನಂಬಿಕೆ ಅವರದು. "ನನ್ನ ನೆರಳಲ್ಲಿ ಬೆಳೆದವಳು ನೀನು, ತಿಳೀತೇನಮ್ಮಾ?" ಎಂಬುದು ಪಲ್ಲವಿ. ಪ್ರಯೋಗಾಲಯದಲ್ಲಿ ಮಾತ್ರ ಈ ಸೂರ್ಯನ ದರ್ಶನ ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ. ಪರೀಕ್ಷಕರು ಬರುವ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಉದಯಿಸಿ, ತಮ್ಮ ಕೈಯದೂ ಒಂದಿಷ್ಟಿರಲಿ ಎಂದು, ಪೇಂಟು ಕರಗಿಸುವ ಥಿನ್ನರ್ ಅದ್ದಿದ ಬಟ್ಟೆಯಿಂದ ಕೊಳವೆಯನ್ನು ಫಳಫಳ ಉಜ್ಜಿಟ್ಟಿದ್ದರು.

"ಎಷ್ಟು ಮಸಿ ಮೆತ್ಕೊಂಡಿತ್ತಮ್ಮಾ! ಇಷ್ಟು ವರ್ಷ ತೊಳೆದೇ ಇಲ್ವಾ?"

"ಸಾರ್, ಅದು ಮಸಿಯಲ್ಲ, ನನ್ನ ಪದವಿ" ಎನ್ನುವಷ್ಟರಲ್ಲಿ ಪರೀಕ್ಷಕರು ಒಳಗೆ ಬಂದೇಬಿಟ್ಟರು.

ದೀಪ ಹಾಕಿದಳು. ಎರಡೂ ಕಾಲಿಗೆ ಸರಿಸಮ ಬೆಳಕು. ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ.

"ಏನಮ್ಮ, ಮಲಗೇ ಇದೆಯಲ್ಲಾ?" ಎಂದರು ಪರೀಕ್ಷಕರು.

ಡ್ರಾಯರಿನಲ್ಲಿ ಕಪ್ಪು ಕಾಗದವಿತ್ತು. ಹುಡುಗಿ ಡ್ರಾಯರನ್ನು ನೋಡಿದಳು. ಮೇಷ್ಟ್ರ ಅಗಲವನ್ನೂ ನೋಡಿದಳು.

"ಸಾರ್, ಸ್ವಲ್ಪ ಇಲ್ಲಿ ನಿಲ್ತೀರಾ? ದೀಪಕ್ಕೆ ಅಡ್ಡ. ಇನ್ನೊಂಚೂರು ಎಡಕ್ಕೆ. ಹಾಂ, ಹಾಗೇ."

ಮೇಷ್ಟ್ರ ನೆರಳು ಒಂದು ಕಾಲನ್ನು ಮುಚ್ಚಿತು. ಮುಳ್ಳು ಮೈಮುರಿದು ಮೆಲ್ಲಗೆ ಎದ್ದಿತು. ಪರೀಕ್ಷಕರು ಕೇಳುತ್ತಾ ಹೋದರು, ಅವಳು ಹೇಳುತ್ತಾ ಹೋದಳು. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಇದರಲ್ಲಿ ನನ್ನ ಪಾತ್ರ ಏನಂದ್ರೆ..." ಎಂದು ಮುಂದೆ ಬಂದರು. ಮುಳ್ಳು ಕುಸಿಯತೊಡಗಿತು.

"ನೀವು ಅಲ್ಲೇ ಇರಿ ಸ್ವಾಮಿ!" ಪರೀಕ್ಷಕರು ಗದರಿದರು. "ನಿಮ್ಮ ಪಾತ್ರ ಚೆನ್ನಾಗೇ ಕಾಣಿಸ್ತಿದೆ."

ಕೊನೆಗೆ ಅವಳು ದೀಪ ಆರಿಸಿದಳು. ಮುಳ್ಳು ಬೀಳಲಿಲ್ಲ, ಮನಸ್ಸಿಲ್ಲದ ಮನಸ್ಸಿನಿಂದ ಇಂಚಿಂಚಾಗಿ ಇಳಿಯುತ್ತಿತ್ತು.

"ಕೂಡಿಡೋದೂ ನಿಜವೇ" ಎಂದು ಪರೀಕ್ಷಕರು ಸಹಿ ಹಾಕಿ ಹುಡುಗಿಯತ್ತ ತಿರುಗಿದರು. "ಬನ್ನಿ ಡಾಕ್ಟರೇ, ಟೀ ಕುಡಿಯೋಣ."

ಬಾಗಿಲು ದಾಟುವಾಗ ಹಿಂದಿನಿಂದ ಸಣ್ಣ ದನಿ: "ಅಮ್ಮಾ, ನಾನಿನ್ನು ಅಲ್ಲಾಡಬಹುದಾ?"

ದೀಪವೇ ಆರಿದ ಮೇಲೆ ನೆರಳೆಲ್ಲಿಯದು ಎಂದು ಅವರಿಗೆ ಹೊಳೆದಿರಲಿಲ್ಲ.

"ಮುಳ್ಳು ಪೂರ್ತಿ ಇಳೀಲಿ ಸಾರ್" ಎಂದಳು ಹುಡುಗಿ. ಆಮೇಲೆ ಅವರದೇ ರಾಗದಲ್ಲಿ, "ತಿಳೀತೇನ್ ಸಾರ್?"